‘ಒತಾಕು’: ಮರ್ಯಾದೆಯ ಮಾತೊಂದು ಬೈಗುಳವಾದ ಬಗೆ

ನಮ್ಮ ಗೃಹಿಣಿಯರು ಪತಿಯ ಹೆಸರು ಹಿಡಿದು ಹೇಳಲು ಸಂಕೋಚಪಟ್ಟು ‘ನಮ್ಮ ಮನೆಯವರು’ ಎನ್ನುವ ರೂಢಿ ಇನ್ನೂ ಅಳಿದಿಲ್ಲ. ವ್ಯಕ್ತಿಯನ್ನು ನೇರವಾಗಿ ಸೂಚಿಸುವುದಕ್ಕಿಂತ ಆತನ ಮನೆಯನ್ನು ಸೂಚಿಸುವುದರಲ್ಲಿ ಹೆಚ್ಚಿನ ವಿನಯವುಂಟೆಂಬ ಭಾವನೆ ಆ ಮಾತಿನಲ್ಲಿ ಅಡಗಿದೆ. ಜಪಾನೀ ಭಾಷೆಯಲ್ಲಿಯೂ ಇಂತಹುದೇ ಒಂದು ಪದವುಂಟು. ‘ತಾಕು’ ಎಂದರೆ ಮನೆ. ಅದರ ಹಿಂದೆ ಗೌರವಸೂಚಕವಾದ ‘ಒ’ ಎಂಬ ಅಕ್ಷರವನ್ನು ಸೇರಿಸಿದರೆ ‘ಒತಾಕು’, ಅಂದರೆ ‘ತಮ್ಮ ಮನೆ’. ಅಷ್ಟಾಗಿ ಪರಿಚಯವಿಲ್ಲದವರೊಡನೆ ಮಾತನಾಡುವಾಗ ‘ನೀವು’ ಎನ್ನಬೇಕಾದೆಡೆಯಲ್ಲಿ ಈ ಪದವನ್ನು ಬಳಸುವುದು ಅಲ್ಲಿ ಶಿಷ್ಟಾಚಾರ. ಇಂತಹ ಸೌಮ್ಯವಾದ ಮಾತು ಕಳೆದ ನಾಲ್ವತ್ತು ವರ್ಷಗಳಲ್ಲಿ ಮೊದಲು ಪರಿಹಾಸ್ಯವಾಗಿ, ಬಳಿಕ ಘೋರವಾದ ಕಳಂಕವಾಗಿ, ಕಡೆಗೆ ಮಂತ್ರಿಗಳೂ ಮೆಚ್ಚುವ ಹೆಸರಾಗಿ ಮಾರ್ಪಟ್ಟ ವೃತ್ತಾಂತವು ವಿಚಿತ್ರವಾದುದು. ಮನೆಯಲ್ಲಿ ಬೆಳೆದ ಮಕ್ಕಳಿರುವ ಗೃಹಸ್ಥರಿಗೆ ಅದು ಕೇವಲ ಪರದೇಶದ ಸುದ್ದಿಯಾಗಿ ತೋರಲಾರದು.

ಮೊದಲು ವಸ್ತುವಿನ ಪರಿಚಯವಾಗಬೇಕು. ಚಿತ್ರಗಳನ್ನು ಬರೆದು, ಅವು ಚಲಿಸುವಂತೆ ಮಾಡಿ ಕಥೆ ಹೇಳುವ ಜಪಾನೀ ಕಲೆಗೆ ‘ಅನಿಮೆ’ ಎಂದು ಹೆಸರು. ಹಾಳೆಯ ಮೇಲೆಯೇ ನಿಂತ ಚಿತ್ರಕಥೆಗೆ ‘ಮಂಗಾ’ ಎನ್ನುವರು. ನಮ್ಮ ಕಿವಿಗೆ ಆ ಹೆಸರು ನಗೆ ತರಿಸಿದರೆ ಆ ಜನರ ತಪ್ಪಲ್ಲ. 1963ನೆಯ ಜನವರಿ 1ರಂದು ತೆಜುಕಾ ಒಸಾಮು ಅವರ ಯಂತ್ರಬಾಲಕನ ಕಥೆ ಟೆಲಿವಿಷನ್ನಿನಲ್ಲಿ ಆರಂಭವಾದಂದಿನಿಂದ ಈ ಕಲೆ ಅಲ್ಲಿ ಮನೆಮನೆಯನ್ನೂ ಹೊಕ್ಕಿತು. 1993ರಲ್ಲಿ ನಮ್ಮ ದೂರದರ್ಶನದಲ್ಲಿ ಬಂದ ಮೌಗ್ಲಿಯ ಕಥೆಯನ್ನು ಕಾಣಲು ಭಾನುವಾರ ಕಾದು ಕುಳಿತಿದ್ದವರು, ತಾವು ಅರಿಯದೆಯೇ ಅನಿಮೆಯನ್ನು ನೋಡಿದವರು. ಕಿಪ್ಲಿಂಗನ ಕಥೆಯನ್ನು ಆ ರೂಪಕ್ಕೆ ತಂದವರು ಜಪಾನೀಯರೇ. ಇದನ್ನು ಬಿಡುವಿನ ವೇಳೆಯ ವಿನೋದವೆಂದು ನೋಡಿ ಮರೆಯುವವರು ಎಲ್ಲರೂ. ಆದರೆ ನಮ್ಮಲ್ಲಿ ‘ಸಂಗೀತದ ಹುಚ್ಚು’, ‘ನಾಟಕದ ಹುಚ್ಚು’ ಎನ್ನುತ್ತೇವಲ್ಲ, ಆ ಬಗೆಯ ಹುಚ್ಚು ಹಿಡಿದು, ಚಿತ್ರ ಬರೆದವರು ಯಾರು, ಯಾವ ಕಂತಿನಲ್ಲಿ ಯಾರ ಕೈಬರಹ ಬದಲಾಯಿತು ಎಂಬುದನ್ನೆಲ್ಲ ಕಂಠಸ್ಥ ಮಾಡಿಕೊಂಡವರೇ ಒತಾಕುಗಳು.

ಇವರ ಕೂಟಗಳಲ್ಲಿ ಪ್ರಧಾನವಾದುದು ‘ಕಾಮಿಕ್ ಮಾರ್ಕೆಟ್’ ಎಂಬ ಜಾತ್ರೆ. 1975ನೆಯ ಡಿಸೆಂಬರ್ 21ರಂದು ಟೋಕಿಯೋ ನಗರದಲ್ಲಿ ಅದು ಮೊದಲಾದಾಗ ಸೇರಿದ್ದುದು 32 ಗುಂಪುಗಳು, ಸುಮಾರು 700 ಜನ. ತಾವೇ ಬರೆದು ತಾವೇ ಅಚ್ಚು ಮಾಡಿಸಿದ ಚಿಕ್ಕ ಪುಸ್ತಕಗಳನ್ನು ಮೇಜುಗಳ ಮೇಲೆ ಹರಡಿ ಮಾರುವುದೇ ಅಲ್ಲಿನ ಕೆಲಸ. ಒತಾಕು ಎಂದೊಡನೆ ಜನರ ಕಣ್ಣಿಗೆ ಕಟ್ಟುವುದು ಕನ್ನಡಕ ಹಾಕಿದ, ಅಂದಗೇಡಿಯಾದ ಹುಡುಗನೊಬ್ಬನ ಆಕೃತಿ. ಆದರೆ ಆ ಮೊದಲನೆಯ ಜಾತ್ರೆಗೆ ಬಂದವರಲ್ಲಿ ಬಹುತೇಕ ಎಲ್ಲರೂ ಶಾಲೆಯಲ್ಲಿ ಓದುವ ಹೆಣ್ಣುಮಕ್ಕಳಾಗಿದ್ದರು. ಜಾತ್ರೆಯ ಸ್ಥಾಪಕರಲ್ಲೊಬ್ಬರಾದ ಯೊನೆಜಾವಾ ಯೊಶಿಹಿರೊ ಅವರು 2006ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಹುಕಾಲ ನಡೆಸಿದರು. ಅವರ ಕಾಲದಿಂದ ಬಂದ ಒಂದು ನಿಯಮ ಇಂದಿಗೂ ಉಳಿದಿದೆ: ಆ ಜಾತ್ರೆಯಲ್ಲಿ ‘ಗಿರಾಕಿ’ ಎಂಬವನಿಲ್ಲ, ಮಾರುವವನೂ ಕೊಳ್ಳುವವನೂ ದಾರಿ ತೋರಿಸುವ ಸ್ವಯಂಸೇವಕನೂ ಸಮಾನವಾಗಿ ‘ಪಾಲುಗಾರರು’. 2019ರ ಹೊತ್ತಿಗೆ ನಾಲ್ಕು ದಿನಗಳ ಜಾತ್ರೆಗೆ ಏಳು ಲಕ್ಷಕ್ಕೂ ಮೀರಿ ಜನ ಬರುತ್ತಿದ್ದರು.

ಇಂತಹ ಕೂಟಗಳಲ್ಲಿ ಪರಸ್ಪರ ಹೆಸರರಿಯದ ಹುಡುಗರು, ಹೆಚ್ಚು ಸಲಿಗೆಯೂ ಆಗದೆ ಅವಮರ್ಯಾದೆಯೂ ಆಗದೆ ಇರಲೆಂದು, ಒಬ್ಬರನ್ನೊಬ್ಬರು ‘ಒತಾಕು’ ಎಂದು ಕರೆದುಕೊಳ್ಳುತ್ತಿದ್ದರು. ಹದಿನೇಳು ವರ್ಷದ ಹುಡುಗನು ತನ್ನ ವಯಸ್ಸಿನವನನ್ನು ‘ತಮ್ಮಲ್ಲಿ ಆ ಸಂಚಿಕೆ ಇರುವುದೋ?’ ಎಂದು ಕೇಳಿದರೆ ಹೊರಗಿನವರಿಗೆ ನಗು ಬರುವುದು ಸಹಜವೇ. 1983ನೆಯ ಜೂನ್ ತಿಂಗಳಲ್ಲಿ ನಕಮೊರಿ ಅಕಿಯೊ ಎಂಬ ತರುಣ ಲೇಖಕರು ಚಿಕ್ಕದೊಂದು ಮಂಗಾ ಪತ್ರಿಕೆಯಲ್ಲಿ ಈ ಮಾತನ್ನೇ ಹಿಡಿದು ಲೇಖನಮಾಲೆಯೊಂದನ್ನು ಆರಂಭಿಸಿದರು. ಜಾತ್ರೆಗೆ ಬರುವವರ ಉಡುಪು, ಕೂದಲು, ಮೈಕಟ್ಟು, ಹೆಣ್ಣುಮಕ್ಕಳ ಮುಂದೆ ಅವರು ತಡಬಡಿಸುವ ಬಗೆ ಎಲ್ಲವನ್ನೂ ಹಳಿದು, ಇವರ ಜಾತಿಗೆ ‘ಒತಾಕು’ ಎಂದೇ ಹೆಸರಿಟ್ಟರು. ಆ ಪತ್ರಿಕೆಯನ್ನು ಕೊಂಡು ಓದುತ್ತಿದ್ದವರೇ ಆ ಜನ! ಕೆಲವು ಕಂತುಗಳಾದ ಮೇಲೆ ಸಂಪಾದಕರಾದ ಒತ್ಸುಕಾ ಎಯ್ಜಿ ಅವರು, ಓದುಗರನ್ನು ಹೀಗೆ ಕೀಳು ಮಾಡುವುದು ಸಲ್ಲದೆಂದು ಆ ಮಾಲೆಯನ್ನು ನಿಲ್ಲಿಸಿದರು. ಮಾಲೆ ನಿಂತಿತು; ಹೆಸರು ನಿಲ್ಲಲಿಲ್ಲ.

ಲೋಕದ ಕಣ್ಣು ತಮ್ಮ ಮೇಲಿದೆಯೆಂಬ ಅರಿವು ಇವರಿಗೆ ಅದಕ್ಕೂ ಮೊದಲೇ ಇದ್ದಿತು. ‘ಗುಂಡಾಮ್’ ಎಂಬ ಕಥೆಯು ಟೆಲಿವಿಷನ್ನಿನಲ್ಲಿ ಜನರನ್ನು ಸೆಳೆಯಲಿಲ್ಲವೆಂದು 43 ಕಂತುಗಳಿಗೇ 1980ರಲ್ಲಿ ಮೊಟಕಾಯಿತು. ಅಭಿಮಾನಿಗಳು ಅದನ್ನು ಬಿಡದೆ ಹಿಡಿದುದರಿಂದ ಚಲಚ್ಚಿತ್ರವಾಗಿ ಮರುಹುಟ್ಟು ಪಡೆಯಿತು. ಅದರ ಪ್ರಚಾರಕ್ಕೆಂದು 1981ನೆಯ ಫೆಬ್ರವರಿ 22ರಂದು ಟೋಕಿಯೋದ ಶಿಂಜುಕು ನಿಲ್ದಾಣದ ಮುಂದೆ ಸಭೆ ಸೇರಿಸಿದಾಗ ಸುಮಾರು 15,000 ತರುಣರು ನೆರೆದು, ನೂಕುನುಗ್ಗಲಿನಲ್ಲಿ ಪ್ರಾಣಾಪಾಯವಾಗುವ ಸಂಭವವುಂಟಾಯಿತು. ಆಗ ನಿರ್ದೇಶಕರಾದ ತೊಮಿನೊ ಯೊಶಿಯುಕಿ ಅವರು ವೇದಿಕೆಯ ಮೇಲಿಂದ, ಇಲ್ಲಿ ಒಬ್ಬನಿಗೆ ಪೆಟ್ಟಾದರೂ ಅನಿಮೆ ನೋಡುವವರೆಲ್ಲ ಇಂತಹವರೇ ಎಂದು ಜನ ಆಡಿಕೊಳ್ಳುವರು, ಆದುದರಿಂದ ತಾಳ್ಮೆಯಿಂದಿರಿ ಎಂಬರ್ಥದ ಮಾತನ್ನಾಡಿದರು. ಹುಡುಗರು ಹಿಂದೆ ಸರಿದು ನಿಂತರು, ಅನಾಹುತವಾಗಲಿಲ್ಲ.

ಅನಾಹುತವು ಬೇರೊಂದು ದಿಕ್ಕಿನಿಂದ ಬಂದಿತು. 1988–89ರಲ್ಲಿ ಟೋಕಿಯೋ ಮತ್ತು ಅದರ ನೆರೆಯ ಸೈತಾಮಾ ಪ್ರಾಂತಗಳಲ್ಲಿ ನಾಲ್ವರು ಪುಟ್ಟ ಹೆಣ್ಣುಮಕ್ಕಳು ಕೊಲೆಯಾದರು. 1989ನೆಯ ಜುಲೈಯಲ್ಲಿ ಸೆರೆಸಿಕ್ಕ ಯುವಕನ ಕೋಣೆಯಲ್ಲಿ 5,700ಕ್ಕೂ ಮಿಕ್ಕ ವಿಡಿಯೊ ಟೇಪುಗಳು ಗೋಡೆಯೆತ್ತರ ಪೇರಿಸಲ್ಪಟ್ಟಿದ್ದುವು. ಆ ಕೋಣೆಯ ಚಿತ್ರವನ್ನು ಪತ್ರಿಕೆಗಳೂ ಟೆಲಿವಿಷನ್ನೂ ಮತ್ತೆ ಮತ್ತೆ ತೋರಿಸಿದುವು. ಅಲ್ಲಿಯವರೆಗೆ ‘ಒತಾಕು’ ಎಂಬ ಪದವನ್ನೇ ಕೇಳದಿದ್ದ ತಂದೆತಾಯಂದಿರು ಕೊಲೆಗಾರನ ಹೆಸರಿನೊಡನೆಯೇ ಆ ಪದವನ್ನು ಮೊದಲ ಬಾರಿಗೆ ಕೇಳಿದರು. ತಮ್ಮ ಮಗನ ಕೋಣೆಯಲ್ಲಿಯೂ ಟೇಪುಗಳುಂಟು, ಅವನೂ ಬಾಗಿಲು ಹಾಕಿಕೊಂಡು ಕುಳಿತಿರುವನು, ಹಾಗಾದರೆ? ಈ ಭಯವನ್ನು ಮೂಢತನವೆಂದು ನಾನು ಹಳಿಯಲಾರೆ. ಮಕ್ಕಳನ್ನು ಹೆತ್ತವರ ಹೊಟ್ಟೆಯ ಸಂಕಟ ಅದು. ಆದರೆ ಅದರ ಫಲವನ್ನು ಉಂಡವರು ಯಾರು? ಇಷ್ಟವಾದ ಪುಸ್ತಕಗಳನ್ನು ಹಾಸಿಗೆಯಡಿಯಲ್ಲಿ ಅಡಗಿಸಿ, ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಬಾಯಿ ಬಿಡದೆ ಬೆಳೆದ ಒಂದು ಇಡಿಯ ತಲೆಮಾರು. ಒತ್ಸುಕಾ ಅವರು ಒತಾಕುಗಳ ಪರವಾಗಿ ನಿಂತು, ಹಿಂದೆ ತಾವೇ ಯಾರ ಲೇಖನವನ್ನು ನಿಲ್ಲಿಸಿದ್ದರೋ ಆ ನಕಮೊರಿಯವರೊಡನೆ ಸೇರಿ ಅದೇ ವರ್ಷ ಈ ವಿಷಯವಾಗಿ ಪುಸ್ತಕವೊಂದನ್ನು ಹೊರತಂದರು. ಅದನ್ನು ಓದಿದವರು ಎಷ್ಟೋ, ಕೋಣೆಯ ಚಿತ್ರವನ್ನು ಕಂಡವರು ಎಷ್ಟೋ!

ವಸ್ತುಗಳನ್ನು ಕೂಡಿಡುವ ಚಟವು ಸ್ವತಃ ರೋಗವೆಂದು ಆಗ ಬಹಳ ಮಂದಿ ನಂಬಿದರು. ಇದಕ್ಕೆ ಜಪಾನಿನದೇ ಒಂದು ಪ್ರತ್ಯುತ್ತರವುಂಟು. 1964ರಿಂದ 1969ರವರೆಗೆ ಅಲ್ಲಿಯ ರಾಷ್ಟ್ರೀಯ ಪ್ರಸಾರ ಸಂಸ್ಥೆಯಾದ ಎನ್.ಎಚ್.ಕೆ.ಯು ಸೋರೆಕಾಯಿಯಾಕಾರದ ದ್ವೀಪವೊಂದರ ಕಥೆಯನ್ನು ಬೊಂಬೆಯಾಟವಾಗಿ 1,224 ಕಂತುಗಳಲ್ಲಿ ತೋರಿಸಿತು. ಆಗ ಟೇಪಿನ ಬೆಲೆ ವಿಪರೀತವಾಗಿದ್ದುದರಿಂದ ಒಂದರ ಮೇಲೊಂದನ್ನು ಮುದ್ರಿಸಿಕೊಳ್ಳುತ್ತ ಹೋಗಿ, ಕೊನೆಗೆ ಉಳಿದುದು ಬೆರಳೆಣಿಕೆಯ ಕಂತುಗಳು. 1991ರಲ್ಲಿ ಆ ಆಟವನ್ನು ಹೊಸದಾಗಿ ಕಟ್ಟಬೇಕೆಂದಾಗ ನೆರವಿಗೆ ಬಂದುದು, ಅದನ್ನು ಬಾಲ್ಯದಲ್ಲಿ ಪ್ರತಿದಿನವೂ ನೋಡಿ, ಮಾತುಗಳನ್ನೂ ಹಾಡುಗಳನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ ಒಬ್ಬ ಅಭಿಮಾನಿಯ ಟಿಪ್ಪಣಿಗಳು. ಈಚಿನ ವರ್ಷಗಳಲ್ಲಿಯೂ ಅದೇ ಸಂಸ್ಥೆಯು ಕಳೆದುಹೋದ ಹಳೆಯ ಕಾರ್ಯಕ್ರಮಗಳ ಟೇಪುಗಳು ಮನೆಗಳಲ್ಲಿದ್ದರೆ ತಿಳಿಸಿರೆಂದು ನೋಡುಗರನ್ನು ಬೇಡಿಕೊಂಡಿದೆ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. 1998ರಲ್ಲಿ ಮನೋವೈದ್ಯರಾದ ಸೈತೊ ತಮಾಕಿ ಅವರ ಪುಸ್ತಕದಿಂದ ‘ಹಿಕಿಕೊಮೊರಿ’ ಎಂಬ ಪದ ಮನೆಮಾತಾಯಿತು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮನೆಯಿಂದ ಹೊರಬಾರದೆ ಸಮಾಜವನ್ನೇ ತೊರೆದವರ ಸ್ಥಿತಿ ಅದು. ಜನರು ಇದನ್ನೂ ಒತಾಕುವನ್ನೂ ಒಂದೇ ಎಂದು ಕಲಸಿಬಿಡುವರು. ಆದರೆ ಆಗಸ್ಟ್ ತಿಂಗಳ ಉರಿಬಿಸಿಲಿನಲ್ಲಿ ನಸುಕಿನಿಂದ ಸಾಲಿನಲ್ಲಿ ನಿಂತು, ಅಪರಿಚಿತನ ಪುಸ್ತಕವನ್ನು ಕೊಂಡು, ಅವನೊಡನೆ ಗಂಟೆಗಟ್ಟಲೆ ವಾದಿಸಿ ಬರುವವನು ಏಕಾಂಗಿಯೆ? ಹಾಗೆಂದು ಒತಾಕುಗಳಲ್ಲಿ ದೋಷವೇ ಇಲ್ಲವೆನ್ನುವುದೂ ಸುಳ್ಳು. ಸಂಬಳವನ್ನೆಲ್ಲ ಬೊಂಬೆಗಳಿಗೂ ಪಟಗಳಿಗೂ ಸುರಿದು ಮನೆಯವರನ್ನು ನೋಯಿಸುವವರುಂಟು. ಆ ಜಾತ್ರೆಯ ಎಲ್ಲ ಮೇಜುಗಳೂ ಮಕ್ಕಳ ಕಣ್ಣಿಗೆ ಬೀಳತಕ್ಕವಲ್ಲ. ಅಶ್ಲೀಲತೆಯ ದೂರು ಎದ್ದು 1991ರಲ್ಲಿ ಜಾತ್ರೆಯು ತನ್ನ ಸ್ಥಳವನ್ನೇ ಬಿಡಬೇಕಾಯಿತು. ಅಲ್ಲಿಂದೀಚೆಗೆ ಮಾರುವ ಮೊದಲು ಪ್ರತಿಯನ್ನು ಪರೀಕ್ಷೆಗೆ ಒಪ್ಪಿಸುವ ಕಟ್ಟಳೆ ಬಿಗಿಯಾಯಿತು. ಯಾವ ಪುಸ್ತಕವನ್ನು ಓದುತ್ತಿರುವನೆಂದು ತಂದೆತಾಯಿಗಳು ಕೇಳುವುದು ಅನ್ಯಾಯವೇನೂ ಅಲ್ಲ. ಕೇಳದೆಯೇ ತೀರ್ಪು ಕೊಡುವುದು ಅನ್ಯಾಯ.

2004ರಿಂದೀಚೆಗೆ ಗಾಳಿ ತಿರುಗಿತು. ರೈಲಿನಲ್ಲಿ ಕುಡುಕನೊಬ್ಬನಿಂದ ಹೆಂಗಸರನ್ನು ಕಾಪಾಡಿದ ನಾಚಿಕೆಯ ಒತಾಕುವೊಬ್ಬನ ಪ್ರೇಮಕಥೆಯು ಆ ವರ್ಷ ಪುಸ್ತಕವಾಗಿ, ಮರುವರ್ಷ ಚಲಚ್ಚಿತ್ರವಾಗಿ ಜನಪ್ರಿಯವಾಯಿತು. (ಆ ನಾಯಕನು ಕೂದಲನ್ನೂ ಉಡುಪನ್ನೂ ಬದಲಿಸಿಕೊಂಡ ಮೇಲೆಯೇ ಲೋಕಕ್ಕೆ ಒಪ್ಪಿಗೆಯಾದನೆಂಬುದನ್ನು ಮರೆಯಬಾರದು.) 2007ರಲ್ಲಿ ವಿದೇಶಾಂಗ ಖಾತೆಯು ಮಂಗಾ ಬರೆಯುವ ಪರದೇಶೀಯರಿಗೆ ಬಹುಮಾನವನ್ನೇರ್ಪಡಿಸಿತು, 2008ರಲ್ಲಿ ಪ್ರಧಾನಮಂತ್ರಿಯಾದ ಅಸೊ ತಾರೊ ಅವರು ತಾವು ಮಂಗಾ ಪ್ರಿಯರೆಂದು ಬಹಿರಂಗವಾಗಿ ಹೇಳಿಕೊಳ್ಳುತ್ತಿದ್ದರು. 2020ರಲ್ಲಿ ರಾಕ್ಷಸರನ್ನು ಸಂಹರಿಸುವ ಬಾಲಕನೊಬ್ಬನ ಅನಿಮೆ ಚಿತ್ರವು ಬಿಡುಗಡೆಯಾಗಿ, ಅದರ ಗಳಿಕೆ ಜಪಾನಿನಲ್ಲಿಯೇ 4,000 ಕೋಟಿ ಯೆನ್ ದಾಟಿತು. ಇಷ್ಟು ಹಣ ತರುವವರನ್ನು ಯಾರು ತಾನೆ ಬೈದಾರು? ಈ ಮರ್ಯಾದೆಯ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. 2008ರ ಜೂನ್ 8ರಂದು ಟೋಕಿಯೋದ ಅಕಿಹಾಬಾರ ಎಂಬ, ಒತಾಕುಗಳ ಅಂಗಡಿಗಳಿಂದ ತುಂಬಿದ ಬೀದಿಯಲ್ಲಿ ಒಬ್ಬನು ಏಳು ಜನರನ್ನು ಕೊಂದಾಗ, ಹಳೆಯ ನಿಂದೆ ಒಂದೇ ದಿನದಲ್ಲಿ ತಲೆಯೆತ್ತಿದುದನ್ನು ಕಂಡೆವು.

ಅದಕ್ಕಿಂತ ಗಟ್ಟಿಯಾದ ಮರ್ಯಾದೆಯು ಸೈತಾಮಾ ಪ್ರಾಂತದ ವಾಶಿನೊಮಿಯಾ ಎಂಬ ಸಣ್ಣ ಊರಿನಲ್ಲಿ ದೊರೆಯಿತು. ಅಲ್ಲಿಯದು ಬಹು ಪುರಾತನವಾದ ದೇವಸ್ಥಾನ. 2007ರಲ್ಲಿ ಪ್ರಸಾರವಾದ ‘ಲಕ್ಕಿ ಸ್ಟಾರ್’ ಎಂಬ ಅನಿಮೆಯಲ್ಲಿ ಇಬ್ಬರು ಅವಳಿ ಹುಡುಗಿಯರು ಅರ್ಚಕರ ಮಕ್ಕಳು. ಅವರ ಗುಡಿಯನ್ನು ಈ ದೇವಸ್ಥಾನದ ಮಾದರಿಯಲ್ಲಿ ಚಿತ್ರಿಸಿದ್ದರು. ಅಭಿಮಾನಿಗಳು ಹುಡುಕಿಕೊಂಡು ಬರತೊಡಗಿದರು. ಹರಕೆಯ ಹಲಗೆಗಳ ಮೇಲೆ ಆ ಹುಡುಗಿಯರ ಚಿತ್ರ ಬರೆದು ತೂಗಹಾಕಿದರು. ಊರಿನವರು ಮೊದಮೊದಲು ಬೆರಗಾದರೂ ಬಾಗಿಲು ಹಾಕಿಕೊಳ್ಳಲಿಲ್ಲ. ಅಂಗಡಿಕಾರರ ಸಂಘವು ಬಂದವರನ್ನು ಮಾತನಾಡಿಸಿ, ಅವರ ಸಲಹೆ ಕೇಳಿ, 2008ರ ಸೆಪ್ಟೆಂಬರಿನ ಉತ್ಸವದಲ್ಲಿ ಆ ಅನಿಮೆಯ ಚಿತ್ರಗಳಿಂದ ಅಲಂಕರಿಸಿದ ಪಲ್ಲಕ್ಕಿಯೊಂದನ್ನು ಹೊರಡಿಸಿತು, ಹೊತ್ತವರು ಒತಾಕುಗಳು. ಹೊಸವರ್ಷದ ದರ್ಶನಕ್ಕೆ 2008ರಲ್ಲಿ ಸುಮಾರು ಮೂರು ಲಕ್ಷ, 2011ರಲ್ಲಿ ನಾಲ್ಕು ಲಕ್ಷ ಎಪ್ಪತ್ತು ಸಾವಿರ ಜನ ಬಂದರು. ಹೆಗಲು ಕೊಟ್ಟು ಪಲ್ಲಕ್ಕಿ ಹೊರುವವನನ್ನು ‘ಕೋಣೆಯ ಹುಳು’ ಎನ್ನಲು ಆ ಊರಿನ ಮುದುಕಿಯರಿಗೆ ನಾಲಿಗೆ ಏಳಲಿಲ್ಲವೆಂದು ಊಹಿಸಬಹುದು.

ಆ ಅನಿಮೆಯನ್ನು ಮಾಡಿದುದು ಕ್ಯೋಟೋ ಪ್ರಾಂತದ ಒಂದು ಸಂಸ್ಥೆ. ಅದರ ಹುಟ್ಟು ಗೃಹಿಣಿಯರಿಗೆ ಪ್ರಿಯವಾದೀತು. ಟೋಕಿಯೋದಲ್ಲಿ ಚಿತ್ರಗಳಿಗೆ ಬಣ್ಣ ತುಂಬುವ ಕೆಲಸ ಕಲಿತಿದ್ದ ಹತ್ತಾ ಯೋಕೊ ಅವರು ಮದುವೆಯಾಗಿ ಕ್ಯೋಟೋಗೆ ಬಂದ ಮೇಲೆ, 1981ರಲ್ಲಿ ನೆರೆಹೊರೆಯ ಗೃಹಿಣಿಯರನ್ನು ಕೂಡಿಸಿ ಅದೇ ಕೆಲಸವನ್ನು ಗುತ್ತಿಗೆ ಹಿಡಿದರು. ಅದೇ ಬೆಳೆದು ‘ಕ್ಯೋಟೋ ಅನಿಮೇಷನ್’ ಆಯಿತು. 2019ನೆಯ ಜುಲೈ 18ರಂದು ಒಬ್ಬ ದುರಾತ್ಮನು ಅದರ ಕಟ್ಟಡಕ್ಕೆ ಬೆಂಕಿಯಿಟ್ಟನು. 36 ಜನ ಮಡಿದರು. ‘ಲಕ್ಕಿ ಸ್ಟಾರ್’ ನಿರ್ದೇಶಿಸಿದ ತಾಕೆಮೊತೊ ಯಾಸುಹಿರೊ ಅವರೂ ಅವರಲ್ಲೊಬ್ಬರು. ಅಪರಾಧಿಗೆ 2024ನೆಯ ಜನವರಿಯಲ್ಲಿ ಮರಣದಂಡನೆಯಾಯಿತು.

ಬೆಂಕಿಯಾರಿದ ಮೇಲೆ ಸುಟ್ಟ ಕಟ್ಟಡದ ಬಳಿ ಹೂವು ಹಿಡಿದು ನಿಂತವರು, ಮೂವತ್ತು ವರ್ಷಗಳ ಹಿಂದೆ ಯಾರನ್ನು ಕಂಡು ತಾಯಂದಿರು ಬೆಚ್ಚಿದ್ದರೋ ಅವರೇ, ಅವರ ತಮ್ಮಂದಿರೇ, ಅವರ ಮಕ್ಕಳೇ. ಸ್ವದೇಶ ಪರದೇಶಗಳಿಂದ ಬಂದ ಸಹಾಯಧನವು 300 ಕೋಟಿ ಯೆನ್ನಿಗೂ ಮೀರಿತು. ವಾಶಿನೊಮಿಯಾದ ಮರದ ಮಹಾದ್ವಾರ, ಆ ಅನಿಮೆಯ ಆರಂಭದಲ್ಲಿ ಕಾಣುತ್ತಿದ್ದುದು, ಹಳತಾಗಿ 2018ನೆಯ ಆಗಸ್ಟಿನಲ್ಲಿ ಕುಸಿದುಬಿದ್ದಿತ್ತು. 2021ರಲ್ಲಿ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು.