ತಡವಾಗಿ ಬಂದ ಪದಕಗಳು

2012ನೆಯ ಇಸವಿಯ ಆಗಸ್ಟ್ 4ರಂದು, ಲಂಡನ್ ಒಲಿಂಪಿಕ್ಸ್‌ನ ಪುರುಷರ 94 ಕಿಲೋ ವಿಭಾಗದ ವೇಟ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಕಝಾಕಸ್ತಾನದ ಇಲ್ಯಾ ಇಲ್ಯಿನ್ ಅವರು ಸ್ನ್ಯಾಚ್‌ನಲ್ಲಿ 185 ಕಿಲೋ, ಕ್ಲೀನ್ ಅಂಡ್ ಜರ್ಕ್‌ನಲ್ಲಿ 233 ಕಿಲೋ, ಒಟ್ಟು 418 ಕಿಲೋ ಭಾರವನ್ನೆತ್ತಿ, ವಿಶ್ವದಾಖಲೆಯೊಡನೆ ಚಿನ್ನದ ಪದಕವನ್ನು ಧರಿಸಿ ನಿಂತಾಗ, ಅದನ್ನು ಕಂಡವರು ಮಾನವದೇಹದ ಸಾಮರ್ಥ್ಯದ ಒಂದು ಶಿಖರವನ್ನೇ ಕಂಡೆವೆಂದು ಭಾವಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನಾಲ್ಕು ವರ್ಷಗಳ ತರುವಾಯ, ಶೀತಲಾಗಾರದಲ್ಲಿ ಕಾಪಿಟ್ಟಿದ್ದ ಮೂತ್ರದ ಮಾದರಿಗಳನ್ನು ಹೊಸ ವಿಧಾನದಿಂದ ಮರುಪರೀಕ್ಷೆಗೆ ಒಡ್ಡಲಾಗಿ, ಆ ಪದಕವೂ, ಅದಕ್ಕೆ ಮುಂಚೆ 2008ರ ಬೀಜಿಂಗ್‌ನಲ್ಲಿ ಅವರು ಗಳಿಸಿದ್ದ ಚಿನ್ನವೂ ಒಟ್ಟಿಗೇ ಕೈಬಿಟ್ಟುಹೋದುವು. ಲಂಡನ್ನಿನ ಬೆಳ್ಳಿಯನ್ನು ಪಡೆದಿದ್ದ ರಷ್ಯನ್ನರೂ ಕಂಚನ್ನು ಪಡೆದಿದ್ದ ಮಾಲ್ಡೋವಾದವರೂ ಅದೇ ಮಾರ್ಗವನ್ನು ಹಿಡಿದರು. ಅಷ್ಟಕ್ಕೇ ಮುಗಿಯಲಿಲ್ಲ. ಮೊದಲ ಏಳು ಸ್ಥಾನಗಳಲ್ಲಿದ್ದವರ ಪೈಕಿ ಆರು ಮಂದಿ ಅನರ್ಹರಾಗಿ, 5ನೆಯವರಾಗಿದ್ದ ಇರಾನಿನ ಸಯೀದ್ ಮೊಹಮ್ಮದ್‌ಪುರ್ ಅವರಿಗೆ ಚಿನ್ನವೂ, 8ನೆಯವರಾಗಿದ್ದ ದಕ್ಷಿಣ ಕೊರಿಯಾದ ಕಿಮ್ ಮಿನ್-ಜೇ ಅವರಿಗೆ ಬೆಳ್ಳಿಯೂ, 9ನೆಯವರಾಗಿದ್ದ ಪೋಲೆಂಡಿನ ತೋಮಾಷ್ ಝಿಯೆಲಿನ್ಸ್ಕಿ ಅವರಿಗೆ ಕಂಚೂ ಸಂದುವು. ಆ ಝಿಯೆಲಿನ್ಸ್ಕಿ ಅವರಾದರೋ, 2016ರ ರಿಯೋ ಒಲಿಂಪಿಕ್ಸ್‌ಗೆ ಹೋಗಿ, ನ್ಯಾಂಡ್ರೊಲೋನ್ ಎಂಬ ಉದ್ದೀಪನ ಮದ್ದು ದೇಹದಲ್ಲಿ ಪತ್ತೆಯಾಗಿ, ಸ್ಪರ್ಧಿಸುವ ಮೊದಲೇ ಮನೆಗೆ ಕಳುಹಿಸಲ್ಪಟ್ಟವರು.

ಒಂದೇ ವಿಭಾಗದ ಈ ವೃತ್ತಾಂತವು ವೇಟ್‌ಲಿಫ್ಟಿಂಗ್ ಕ್ರೀಡೆಗೆ ತಗುಲಿದ ವ್ಯಾಧಿಯ ಸ್ವರೂಪವನ್ನು ತಿಳಿಸಲು ಸಾಕು. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿಯೇ ಇದ್ದ ಈ ಕ್ರೀಡೆ ಅತ್ಯಂತ ಸರಳವಾದುದು. ಸರಳನ್ನು ಒಂದೇ ಎಳೆತದಲ್ಲಿ ತಲೆಯ ಮೇಲಕ್ಕೆ ಒಯ್ಯುವುದು ಸ್ನ್ಯಾಚ್. ಮೊದಲು ಭುಜದ ಮಟ್ಟಕ್ಕೆ ತಂದು, ಅಲ್ಲಿಂದ ಮೇಲಕ್ಕೆ ಚಿಮ್ಮಿಸುವುದು ಕ್ಲೀನ್ ಅಂಡ್ ಜರ್ಕ್. ಎರಡರಲ್ಲಿಯೂ ಮೂರು ಮೂರು ಅವಕಾಶಗಳು. ಮೂವರು ತೀರ್ಪುಗಾರರಲ್ಲಿ ಇಬ್ಬರಾದರೂ ಬಿಳಿಯ ದೀಪ ಬೆಳಗಿಸಿದರೆ ಎತ್ತಿದ್ದು ಸಿಂಧು. ಇಲ್ಲಿ ಎದುರಾಳಿಯ ತಪ್ಪಿನಿಂದ ಲಾಭವಿಲ್ಲ, ಗಾಳಿಯ ಅನುಕೂಲವಿಲ್ಲ, ಜೊತೆಗಾರನ ನೆರವಿಲ್ಲ. ತಂತ್ರಕೌಶಲಕ್ಕೆ ಸ್ಥಾನವುಂಟು, ಆದರೂ ಕೊನೆಗೆ ನಿರ್ಣಾಯಕವಾಗುವುದು ಸ್ನಾಯುವಿನ ಶಕ್ತಿಯೇ ಆದುದರಿಂದ, ಆ ಶಕ್ತಿಯನ್ನು ಕೃತಕವಾಗಿ ವರ್ಧಿಸುವ ಔಷಧಗಳ ಪ್ರಲೋಭನೆ ಬೇರೆಲ್ಲ ಕ್ರೀಡೆಗಳಿಗಿಂತ ಇಲ್ಲಿ ಪ್ರಬಲವಾಗಿದೆ.

ಇಲ್ಲಿ ದುರುಪಯೋಗವಾಗುವ ಔಷಧಗಳಲ್ಲಿ ಮುಖ್ಯವಾದುವು ಎರಡು ಬಗೆಯವು. ಒಂದು, ಪುರುಷ ಹಾರ್ಮೋನಾದ ಟೆಸ್ಟೋಸ್ಟೆರೋನ್‌ನ ಕಾರ್ಯವನ್ನು ಅನುಕರಿಸುವ ಅನಬಾಲಿಕ್ ಸ್ಟೆರಾಯ್ಡುಗಳು. ಇವು ಸ್ನಾಯುವನ್ನು ಬೆಳೆಸುವುದಲ್ಲದೆ, ದಣಿದ ದೇಹ ಬೇಗನೆ ಚೇತರಿಸಿಕೊಳ್ಳುವಂತೆ ಮಾಡಿ, ಇತರರಿಗೆ ಅಸಾಧ್ಯವಾದಷ್ಟು ದೀರ್ಘ ಅಭ್ಯಾಸವನ್ನು ಸಾಧ್ಯವಾಗಿಸುತ್ತವೆ. ಇನ್ನೊಂದು, ಹೃದ್ರೋಗಿಗಳ ಕಾಲು ಬಾವು ಇಳಿಸಲು ವೈದ್ಯರು ಕೊಡುವ ಫ್ಯೂರೊಸೆಮೈಡ್‌ನಂತಹ ಮೂತ್ರವರ್ಧಕಗಳು. ಇವುಗಳಿಂದ ದೇಹದ ನೀರು ಹೊರಟು ತೂಕ ಇಳಿದು ಕೆಳಗಿನ ವಿಭಾಗಕ್ಕೆ ಸೇರಲು ಅನುಕೂಲವಾಗುವುದಲ್ಲದೆ, ಮೂತ್ರ ತೆಳುವಾಗಿ ಬೇರೆ ಮದ್ದಿನ ಕುರುಹೂ ಮಸುಕಾಗುತ್ತದೆ. 1988ರ ಸಿಯೋಲ್‌ನಲ್ಲಿ ಇಬ್ಬರು ಚಿನ್ನದ ವಿಜೇತರು ಇದೇ ಫ್ಯೂರೊಸೆಮೈಡ್‌ನಿಂದ ಸಿಕ್ಕಿಬಿದ್ದಾಗ ಬಲ್ಗೇರಿಯವು ತನ್ನ ತಂಡವನ್ನೇ ಹಿಂದೆಗೆದುಕೊಂಡಿತು. ಹನ್ನೆರಡು ವರ್ಷಗಳ ಮೇಲೆ, ಮಹಿಳೆಯರು ಮೊತ್ತಮೊದಲು ಒಲಿಂಪಿಕ್ಸ್‌ನಲ್ಲಿ ಭಾರ ಎತ್ತಿದ ಸಿಡ್ನಿಯಲ್ಲಿ, 48 ಕಿಲೋ ವಿಭಾಗದ ಚಿನ್ನವನ್ನು ಬಲ್ಗೇರಿಯದ ಇಝಾಬೆಲಾ ದ್ರಾಗ್ನೇವಾ ಅವರು ಅದೇ ಮದ್ದಿನ ಕಾರಣ ಕಳೆದುಕೊಂಡು, ಅದು ಅಮೆರಿಕದ ತಾರಾ ನಾಟ್ ಅವರ ಪಾಲಾಯಿತು. ನಮ್ಮ ಕರ್ಣಂ ಮಲ್ಲೇಶ್ವರಿ ಅವರು 69 ಕಿಲೋ ವಿಭಾಗದಲ್ಲಿ 240 ಕಿಲೋ ಎತ್ತಿ, ಒಲಿಂಪಿಕ್ ಪದಕವನ್ನು ಪಡೆದ ಮೊದಲ ಭಾರತೀಯ ಮಹಿಳೆಯೆನಿಸಿದ್ದು ಆ ಕ್ರೀಡಾಕೂಟದಲ್ಲಿಯೇ.

ಪರೀಕ್ಷೆಯ ಕ್ರಮವನ್ನು ಓದುಗರು ಸ್ವಲ್ಪ ಸಮೀಪದಿಂದ ನೋಡುವುದು ಒಳ್ಳೆಯದು. ಸ್ಪರ್ಧಿಗೆ ಸೂಚನೆ ಕೊಟ್ಟ ಕ್ಷಣದಿಂದ ಒಬ್ಬ ಅಧಿಕಾರಿ ಅವರನ್ನು ಕಣ್ಮರೆಯಾಗಲು ಬಿಡುವುದಿಲ್ಲ. ಮೊಹರು ಹಾಕಿದ ಹಲವು ಪಾತ್ರೆಗಳಿಂದ ಒಂದನ್ನು ಸ್ಪರ್ಧಿಯೇ ಆರಿಸಿಕೊಳ್ಳಬೇಕು. ಅಧಿಕಾರಿಯ ಕಣ್ಣೆದುರಿನಲ್ಲಿಯೇ ಕನಿಷ್ಠ 90 ಮಿಲಿಲೀಟರಿನಷ್ಟು ಮೂತ್ರವನ್ನು ಕೊಡಬೇಕು. ಅನಂತರ ಅದನ್ನು ಎ ಮತ್ತು ಬಿ ಎಂಬ ಎರಡು ಗಾಜಿನ ಸೀಸೆಗಳಿಗೆ ಸ್ವಹಸ್ತದಿಂದ ಸುರಿದು, ಒಮ್ಮೆ ಬಿಗಿದರೆ ಒಡೆಯದೆ ತೆರೆಯಲಾಗದ ಮುಚ್ಚಳವನ್ನು ಬಿಗಿಯಬೇಕು. ಪ್ರಯೋಗಾಲಯಕ್ಕೆ ಹೋಗುವುದು ಸಂಖ್ಯೆ ಮಾತ್ರ, ಹೆಸರಲ್ಲ. ಎ ಸೀಸೆಯಲ್ಲಿ ದೋಷ ಕಂಡರೆ, ಸ್ಪರ್ಧಿ ಬಯಸಿದ ಪಕ್ಷದಲ್ಲಿ ಅವರ ಸಮಕ್ಷಮದಲ್ಲಿ ಬಿ ಸೀಸೆಯನ್ನು ತೆರೆಯಲಾಗುತ್ತದೆ. ಸ್ಪರ್ಧೆಯಿಲ್ಲದ ದಿನಗಳಲ್ಲಿಯೂ ಉನ್ನತ ಶ್ರೇಣಿಯವರು ಪ್ರತಿದಿನ ಒಂದು ಗಂಟೆಯ ಕಾಲ ತಾವು ಎಲ್ಲಿ ಸಿಗುವೆವೆಂಬುದನ್ನು ಮುಂಚಿತವಾಗಿ ತಿಳಿಸಿರತಕ್ಕದ್ದು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಅಪರಾಧ. ದೇಹದಲ್ಲಿ ಸಿಕ್ಕ ವಸ್ತುವಿಗೆ ದೇಹದ ಒಡೆಯರೇ ಹೊಣೆ, ಅದು ಹೇಗೆ ಒಳಹೊಕ್ಕಿತೆಂಬುದು ಬಳಿಕದ ಪ್ರಶ್ನೆ, ಎಂಬುದು 1999ರಲ್ಲಿ ಸ್ಥಾಪಿತವಾದ ವಾಡಾ ಎಂಬ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಯಮಾವಳಿಯ ಮೂಲಸೂತ್ರ.

ಸ್ಟೆರಾಯ್ಡನ್ನು ದೇಹ ಒಡೆದು ಹೊರಹಾಕುವಾಗ ಉಳಿಯುವ ಕೆಲವು ತುಣುಕುಗಳು ಬಹುಕಾಲ ಮೂತ್ರದಲ್ಲಿ ಲೇಶಮಾತ್ರವಾಗಿ ಇರುತ್ತವೆಂಬುದನ್ನು ವಿಜ್ಞಾನಿಗಳು ಕಂಡುಕೊಂಡದ್ದರಿಂದ, ಸ್ಪರ್ಧೆಯ ಹೊತ್ತಿಗೆ ನಿರ್ದೋಷವೆನಿಸಿದ್ದ ಮಾದರಿಗಳು ವರ್ಷಗಳ ಮೇಲೆ ನಿಜವನ್ನು ನುಡಿದುವು. ಈಗ ಮಾದರಿಗಳನ್ನು ಹತ್ತು ವರ್ಷ ಕಾಪಿಡಬಹುದು. ಈ ವಿಳಂಬಿತ ನ್ಯಾಯದ ಫಲವನ್ನು ಕೆನಡಾದ ಕ್ರಿಸ್ಟೀನ್ ಜಿರಾರ್ಡ್ ಅವರಲ್ಲಿ ಕಾಣಬೇಕು. 2008ರಲ್ಲಿ 63 ಕಿಲೋ ವಿಭಾಗದಲ್ಲಿ ನಾಲ್ಕನೆಯವರಾಗಿ ಬರಿಗೈಯಲ್ಲಿ ಮರಳಿದ ಆಕೆ, 2012ರಲ್ಲಿ ಕಂಚಿಗೆ ತೃಪ್ತರಾಗಬೇಕಾಯಿತು. ಮರುಪರೀಕ್ಷೆಗಳಾದ ಮೇಲೆ ಬೀಜಿಂಗ್‌ನ ಕಂಚು, ಲಂಡನ್ನಿನ ಚಿನ್ನ, ಎರಡೂ ನ್ಯಾಯವಾಗಿ ಅವರವೇ ಎಂದು ತೀರ್ಮಾನವಾಗಿ, 2018ರ ಡಿಸೆಂಬರ್‌ನಲ್ಲಿ ಒಟ್ಟಾವಾ ನಗರದಲ್ಲಿ ಅವರ ಕೈಸೇರಿದುವು. ಆ ಹೊತ್ತಿಗೆ ಅವರು ಸ್ಪರ್ಧೆಯಿಂದ ನಿವೃತ್ತರಾಗಿದ್ದರು. ಚಾಂಪಿಯನ್ ಎಂಬ ಹೆಸರು ಆ ವರ್ಷಗಳಲ್ಲಿ ತಂದುಕೊಡುತ್ತಿದ್ದ ಪ್ರಾಯೋಜಕರನ್ನೂ ಧನಸಹಾಯವನ್ನೂ, ವೇದಿಕೆಯ ಮೇಲಿನ ಆ ಕ್ಷಣವನ್ನೂ ಯಾವ ಸಮಿತಿಯೂ ಹಿಂದಿರುಗಿಸಲಾರದು. ಉದ್ದೀಪನ ಮದ್ದಿನ ಚರ್ಚೆಯಲ್ಲಿ ನಾವು ಸಿಕ್ಕಿಬಿದ್ದವರ ವಿಷಯವನ್ನೇ ಮಾತನಾಡುತ್ತೇವೆ. ಆ ಹೊತ್ತಿನಲ್ಲಿ ನಾಲ್ಕನೆಯವರಾಗಿ ಮನೆಗೆ ಹೋದವರ ನಷ್ಟವೇ ಈ ವಿಷಯದ ತಿರುಳೆಂದು ನನ್ನ ದೃಢವಾದ ಅಭಿಪ್ರಾಯ.

ಇಷ್ಟಾದ ಮೇಲೆ ಕಠಿಣವಾದ ಪ್ರಶ್ನೆಯೊಂದು ಎದುರಾಗುತ್ತದೆ: ಶಿಕ್ಷೆಯನ್ನು ಪೂರೈಸಿದವರಿಗೆ ಮರಳಿ ಬರುವ ಹಕ್ಕುಂಟೇ? ಜಾರ್ಜಿಯದ ಲಾಶಾ ತಲಖಾಡ್ಜೆ ಅವರು 2013ರಲ್ಲಿ ಸ್ಟಾನೊಝೊಲಾಲ್ ಎಂಬ ಸ್ಟೆರಾಯ್ಡ್‌ನ ಕಾರಣ ಎರಡು ವರ್ಷ ನಿಷೇಧಕ್ಕೊಳಗಾದವರು. ಮರಳಿ ಬಂದು ರಿಯೋದಲ್ಲಿ 473 ಕಿಲೋ, ಟೋಕಿಯೋದಲ್ಲಿ 488 ಕಿಲೋ, 2021ರ ಡಿಸೆಂಬರ್‌ನಲ್ಲಿ ತಾಷ್ಕೆಂಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ನ್ಯಾಚ್ 225, ಜರ್ಕ್ 267, ಒಟ್ಟು 492 ಕಿಲೋ ಎತ್ತಿ, 2024ರ ಪ್ಯಾರಿಸ್‌ನಲ್ಲಿ ಮೂರನೆಯ ಒಲಿಂಪಿಕ್ ಚಿನ್ನವನ್ನು ಗಳಿಸಿದರು. 267 ಕಿಲೋ ಎಂದರೆ ಐವತ್ತು ಕಿಲೋದ ಐದು ಅಕ್ಕಿಯ ಮೂಟೆಗಳನ್ನು ಒಟ್ಟಿಗೆ ತಲೆಯ ಮೇಲಕ್ಕೆ ಎತ್ತಿ ಹಿಡಿದ ಮೇಲೂ ಇನ್ನೂ ಹದಿನೇಳು ಕಿಲೋ ಉಳಿಯುವ ಭಾರ. ನಿಷೇಧದ ಅನಂತರದ ಪರೀಕ್ಷೆಗಳಲ್ಲಿ ಅವರ ಮೇಲೆ ದೋಷ ಸಿದ್ಧವಾದುದಿಲ್ಲ. ಆದರೂ ಅವರ ಹೆಸರು ಬಂದಾಗಲೆಲ್ಲ ಆ 2013ರ ಪ್ರಸ್ತಾಪ ಬಾರದಿರುವುದಿಲ್ಲ.

ಸಂಶಯಕ್ಕೆ ಆಧಾರವೇ ಇಲ್ಲವೆನ್ನಲಾಗದು. 2013ರಲ್ಲಿ ಓಸ್ಲೋ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಿಗೆ ಕೆಲವು ದಿನ ಸ್ಟೆರಾಯ್ಡ್ ಕೊಟ್ಟು ನಿಲ್ಲಿಸಿ ನೋಡಲಾಗಿ, ಸ್ನಾಯುವಿನ ಗಾತ್ರ ಕುಗ್ಗಿದರೂ ಸ್ನಾಯುಕೋಶಗಳಲ್ಲಿ ಹೆಚ್ಚಾಗಿದ್ದ ಬೀಜಕೇಂದ್ರಗಳು ಮೂರು ತಿಂಗಳ ಮೇಲೂ ಉಳಿದಿದ್ದು, ಮತ್ತೆ ಶ್ರಮ ಕೊಟ್ಟಾಗ ಆ ಸ್ನಾಯು ಇತರ ಇಲಿಗಳಿಗಿಂತ ಬಹು ಶೀಘ್ರವಾಗಿ ಬೆಳೆಯಿತು. ಇಲಿಯ ಆಯುಸ್ಸಿನಲ್ಲಿ ಮೂರು ತಿಂಗಳು ಅಲ್ಪಕಾಲವಲ್ಲ. ಮನುಷ್ಯರಲ್ಲಿಯೂ ಹೀಗೆಯೇ ಎಂದು ಇದರಿಂದ ಸಿದ್ಧವಾಗುವುದಿಲ್ಲವಾದರೂ, ನಿಷೇಧದ ಅವಧಿ ಮುಗಿದಾಗ ಮದ್ದಿನ ಲಾಭವೂ ಮುಗಿದಿರುತ್ತದೆಂದು ನಿಶ್ಚಿಂತರಾಗಿರಲು ಸಾಧ್ಯವಿಲ್ಲ. ಆರು ತಿಂಗಳಿಗೆ ಮೀರಿ ನಿಷೇಧಿತರಾದವರು ಮುಂದಿನ ಒಲಿಂಪಿಕ್ಸ್‌ಗೆ ಅನರ್ಹರೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮಾಡಿದ್ದ ನಿಯಮವನ್ನು 2011ರಲ್ಲಿ ಲೋಸಾನ್‌ನ ಕ್ರೀಡಾ ನ್ಯಾಯಮಂಡಳಿ ರದ್ದುಗೊಳಿಸಿದ್ದು, ಅದು ವಾಡಾ ನಿಯಮಾವಳಿಗೆ ಹೊರತಾದ ಹೆಚ್ಚುವರಿ ಶಿಕ್ಷೆಯಾಗುತ್ತದೆಂಬ ಕಾರಣಕ್ಕೆ. ಆ ತೀರ್ಪು ನನಗೆ ಯುಕ್ತವೆಂದೇ ತೋರುತ್ತದೆ. ಕಾಲ ಸಾಲದೆಂದು ಕಂಡರೆ ಕಾಲವನ್ನು ಹೆಚ್ಚಿಸಬೇಕು. 2015ರಿಂದ ಮೊದಲ ಅಪರಾಧಕ್ಕೆ ಎರಡರ ಬದಲು ನಾಲ್ಕು ವರ್ಷವೆಂದು ವಾಡಾ ಮಾಡಿದ್ದು ಆ ಮಾರ್ಗ. ಗೊತ್ತುಪಡಿಸಿದ ಶಿಕ್ಷೆಯನ್ನು ಅನುಭವಿಸಿ ಬಂದವರನ್ನು ಬಾಗಿಲಲ್ಲಿ ತಡೆಯುವುದು ಅನ್ಯಾಯ.

ಇಡೀ ದೇಶವನ್ನು ಹೊರಗಿಡುವ ಪದ್ಧತಿಯ ವಿಷಯದಲ್ಲಿ ನನ್ನ ಮನಸ್ಸು ಅಷ್ಟು ಸ್ಥಿರವಾಗಿ ನಿಲ್ಲದು. ಮರುಪರೀಕ್ಷೆಯ ತರುವಾಯ ಚೀನಾ, ರಷ್ಯಾ, ಕಝಾಕಸ್ತಾನಗಳೂ ಸೇರಿ ಒಂಬತ್ತು ದೇಶಗಳು ಒಂದು ವರ್ಷ ಅಮಾನತಾಗಿ, 2017ರ ಅನಾಹೈಮ್ ವಿಶ್ವ ಚಾಂಪಿಯನ್‌ಷಿಪ್‌ಗೆ ಬರಲಿಲ್ಲ. ಅಲ್ಲಿ ಮಣಿಪುರದ ಮೀರಾಬಾಯಿ ಚಾನು ಅವರು 194 ಕಿಲೋ ಎತ್ತಿ 48 ಕಿಲೋ ವಿಭಾಗದ ಚಿನ್ನ ಗೆದ್ದರು. ಪ್ರಬಲರ ಗೈರುಹಾಜರಿಯಲ್ಲಿ ಗೆದ್ದರೆಂದು ಆಡಿಕೊಂಡವರಿದ್ದರು. 2021ರ ಏಪ್ರಿಲ್‌ನಲ್ಲಿ ಅವರು 119 ಕಿಲೋ ಜರ್ಕ್‌ನ ವಿಶ್ವದಾಖಲೆ ಮಾಡಿ, ಜುಲೈನಲ್ಲಿ ಚೀನಾದ ಹೋ ಝಿಹುಯಿ ಅವರೊಡನೆ ಸ್ಪರ್ಧಿಸಿಯೇ 202 ಕಿಲೋದೊಡನೆ ಟೋಕಿಯೋ ಬೆಳ್ಳಿಯನ್ನು ತಂದರು. ನಮ್ಮ ದೇಶವೂ ಈ ವಿಷಯದಲ್ಲಿ ನಿಷ್ಕಳಂಕವಲ್ಲ: 2009ರಲ್ಲಿ ಆರು ಮಂದಿ ಭಾರತೀಯರು ಸಿಕ್ಕಿಬಿದ್ದಾಗ ವಿಧಿಸಲಾದ 5 ಲಕ್ಷ ಡಾಲರ್ ದಂಡವನ್ನು ತೆತ್ತ ಬಳಿಕವೇ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮವರು ಭಾರ ಎತ್ತಲು ಸಾಧ್ಯವಾದುದು. ಅಪರಾಧ ಮಾಡದವರನ್ನೂ ಇಂತಹ ನಿಷೇಧ ದಂಡಿಸುತ್ತದೆ. ಆದರೆ ತರಬೇತುದಾರರೂ ವೈದ್ಯರೂ ಫೆಡರೇಷನ್ನೂ ಕೂಡಿ ನಡೆಸುವ ವ್ಯವಸ್ಥಿತ ವಂಚನೆಗೆ ಬೇರೆ ಯಾವ ಅಂಕುಶವೂ ತಾಗಿಲ್ಲವೆಂಬುದೂ ನಿಜ.

ಪರೀಕ್ಷಿಸುವವರಿಂದಲೂ ತಪ್ಪು ಆಗುವುದುಂಟು. ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ಎರಡು ಚಿನ್ನ ಗೆದ್ದ ಸಂಜಿತಾ ಚಾನು ಅವರ ಮೇಲೆ 2018ರ ಮೇ ತಿಂಗಳಲ್ಲಿ ಟೆಸ್ಟೋಸ್ಟೆರೋನ್ ಆರೋಪ ಬಂದಾಗ, ಅವರಿಗೆ ಕಳುಹಿಸಿದ ಪತ್ರದಲ್ಲಿಯೇ ಮಾದರಿಯ ಸಂಖ್ಯೆ ಒಂದೆಡೆ ಒಂದು, ಇನ್ನೊಂದೆಡೆ ಇನ್ನೊಂದು ಇತ್ತು. ಎರಡು ವರ್ಷಗಳ ಬಳಿಕ, 2020ರಲ್ಲಿ, ವಾಡಾದ ಸಲಹೆಯಂತೆ ಆರೋಪವನ್ನು ಕೈಬಿಡಲಾಯಿತು. ಕಳೆದುಹೋದ ಸ್ಪರ್ಧೆಗಳು ಮರಳಲಿಲ್ಲ. ಮುಂದೆ 2022ರ ಗುಜರಾತ್ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅವರ ಮಾದರಿಯಲ್ಲಿ ಬೇರೊಂದು ಸ್ಟೆರಾಯ್ಡ್ ಪತ್ತೆಯಾಗಿ ನಾಲ್ಕು ವರ್ಷ ನಿಷೇಧವಾದುದನ್ನೂ ಹೇಳಲೇಬೇಕು. ಆದರೆ ಎರಡನೆಯ ಪ್ರಕರಣವು ಮೊದಲನೆಯದರಲ್ಲಿ ನಡೆದ ಪ್ರಮಾದವನ್ನು ಸಮರ್ಥಿಸುವುದಿಲ್ಲ.

ಎಲ್ಲಕ್ಕಿಂತ ಖೇದಕರವಾದುದು ಕಾವಲುಗಾರರ ಕಥೆ. 1976ರಿಂದ ಪ್ರಧಾನ ಕಾರ್ಯದರ್ಶಿಯಾಗಿ, 2000ದಿಂದ ಅಧ್ಯಕ್ಷರಾಗಿ ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಫೆಡರೇಷನ್ನನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಹಂಗೇರಿಯ ತಮಾಶ್ ಅಯಾನ್ ಅವರ ಆಡಳಿತವನ್ನು ತನಿಖೆ ಮಾಡಿದ ರಿಚರ್ಡ್ ಮೆಕ್‌ಲಾರೆನ್ ಅವರು, 1 ಕೋಟಿ 4 ಲಕ್ಷ ಡಾಲರಿಗೆ ಲೆಕ್ಕವಿಲ್ಲವೆಂದೂ, ದೋಷ ಕಂಡ 40 ಮಾದರಿಗಳ ವಿಷಯವನ್ನು ಮುಚ್ಚಿಡಲಾಗಿತ್ತೆಂದೂ 2020ರ ಜೂನ್‌ನಲ್ಲಿ ವರದಿ ಕೊಟ್ಟರು. 2022ರಲ್ಲಿ ಅಯಾನ್ ಅವರಿಗೆ ಆಜೀವ ನಿಷೇಧವಾಯಿತು. ಒಲಿಂಪಿಕ್ಸ್‌ನಿಂದಲೇ ಈ ಕ್ರೀಡೆ ಹೊರಬೀಳುವ ಭೀತಿ ತಲೆದೋರಿತ್ತಾದರೂ, 2023ರ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲಿ ಸೇರಿದ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ 2028ರ ಲಾಸ್ ಏಂಜಲೀಸ್‌ಗೆ ಅದರ ಸ್ಥಾನ ಖಚಿತವಾಯಿತು. ಆದರೆ ರಿಯೋದಲ್ಲಿ 260 ಮಂದಿಗೆ ಇದ್ದ ಅವಕಾಶವು ಪ್ಯಾರಿಸ್‌ನಲ್ಲಿ 120 ಮಂದಿಗೆ ಇಳಿದುಹೋಗಿತ್ತು. ಮುಚ್ಚಿಟ್ಟವರ ಅಪರಾಧಕ್ಕೆ, ಎಂದೂ ಮದ್ದು ಮುಟ್ಟದ ಎಷ್ಟು ಯುವಕ ಯುವತಿಯರು ಸ್ಥಾನವನ್ನು ತೆತ್ತರೋ!

ನಮ್ಮ ಕುಂದಾಪುರದ ಲಾರಿ ಚಾಲಕರೊಬ್ಬರ ಮಗ ಗುರುರಾಜ ಪೂಜಾರಿ ಅವರು ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ, 2018ರ ಗೋಲ್ಡ್ ಕೋಸ್ಟ್‌ನಲ್ಲಿ 249 ಕಿಲೋ ಎತ್ತಿ ಬೆಳ್ಳಿಯನ್ನೂ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕಿಲೋ ಎತ್ತಿ ಕಂಚನ್ನೂ ತಂದುದನ್ನು ಕಂಡು, ನಮ್ಮ ಜಿಲ್ಲೆಗಳ ಎಷ್ಟೋ ಹುಡುಗ ಹುಡುಗಿಯರು ಸರಳನ್ನು ಹಿಡಿಯಲು ಬರುತ್ತಿರಬಹುದು. ಅವರನ್ನು ತರಬೇತಿಗೆ ಕಳುಹಿಸುವ ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿ. ಮಗುವಿಗೆ ಕೊಡುವ ಪುಡಿ, ಮಾತ್ರೆ, ಚುಚ್ಚುಮದ್ದು ಏನೇ ಇರಲಿ, ಅದರ ಹೆಸರನ್ನು ಬರೆದು ಕೊಡುವಂತೆ ತರಬೇತುದಾರರನ್ನು ಕೇಳಿರಿ. ಪ್ರತಿವರ್ಷ ಜನವರಿ 1ರಿಂದ ಜಾರಿಗೆ ಬರುವ ವಾಡಾದ ನಿಷಿದ್ಧ ಪಟ್ಟಿಯೊಡನೆ ಅದನ್ನು ವೈದ್ಯರೊಬ್ಬರಿಂದ ತಾಳೆ ನೋಡಿಸಿರಿ. ಹೆಸರು ಹೇಳಲು ಒಪ್ಪದವರ ಬಳಿಗೆ ಮಗುವನ್ನು ಮತ್ತೆ ಕಳುಹಿಸಬೇಡಿರಿ.