ಐಸಾ, ಬಿಸಿನೀರಾ?

ಹೋದ ಸೆಮಿಸ್ಟರ್‌ನಲ್ಲಿ ಒಂದು ಸಂಜೆ ವಾಲಿಬಾಲ್ ಆಡುವಾಗ ಬ್ಲಾಕ್ ಮಾಡೋಕೆ ಹಾರಿದೆ. ಇಳಿದದ್ದು ನೆಲದ ಮೇಲಲ್ಲ, ಎದುರು ಟೀಮಿನವನ ಶೂ ಮೇಲೆ. ಪಾದ ಒಳಕ್ಕೆ ಮಡಚಿಕೊಂಡಿತು. ಹತ್ತೇ ನಿಮಿಷದಲ್ಲಿ ಆ್ಯಂಕಲ್‌ನ ಹೊರಬದಿ ನಿಂಬೆಹಣ್ಣಿನಷ್ಟು ಊದಿತು. ಹಾಸ್ಟೆಲಿಗೆ ಕರ್ಕೊಂಡು ಬಂದ ಮೇಲೆ ಶುರುವಾಯ್ತು ಡಿಬೇಟ್. "ಮಗಾ, ಮೆಸ್‌ನಿಂದ ಐಸ್ ತರ್ತೀನಿ ಇರು" ಅಂತ ರೂಮ್‌ಮೇಟ್. "ಐಸ್ ಇಟ್ರೆ ರಕ್ತ ಹೆಪ್ಪುಗಟ್ಟುತ್ತೆ, ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡು" ಅಂತ ಪಕ್ಕದ ರೂಮಿನ ಸೀನಿಯರ್. ಫೋನಲ್ಲಿ ಅಜ್ಜಿ, "ಉಪ್ಪಿನ ಗಂಟು ಕಟ್ಟಿ ಶಾಖ ಕೊಡೋ ಪುಟ್ಟಾ." ಮೆಜಾರಿಟಿ ಬಿಸಿಯ ಕಡೆ ಇತ್ತು. ಬಕೆಟ್ ಬಿಸಿನೀರಲ್ಲಿ ಕಾಲಿಟ್ಟು ಕೂತೆ. ಅರ್ಧ ಗಂಟೆ ಹಾಯಾಗಿತ್ತು. ರಾತ್ರಿ ಹನ್ನೊಂದಕ್ಕೆ ನೋಡಿದ್ರೆ ನಿಂಬೆಹಣ್ಣು ಮೂಸಂಬಿ ಆಗಿತ್ತು.

ಅದು ಬಿಸಿನೀರಿಂದಲೇ ಆಯ್ತು ಅಂತ ಪ್ರೂವ್ ಮಾಡೋಕೆ ಆಗಲ್ಲ ಬಿಡಿ. ಹೋಲಿಸಿ ನೋಡೋಕೆ ನನ್ನ ಹತ್ರ ಇನ್ನೊಂದು ಉಳುಕಿದ ಕಾಲು ಇರಲಿಲ್ಲ. ಆದರೆ ಮಂಚದ ಮೇಲೆ ಬಿದ್ದುಕೊಂಡಿದ್ದ ಆ ವಾರದಲ್ಲಿ ಇದರ ಬಗ್ಗೆ ಓದಿದೆ. ಸೀನಿಯರ್ ಹೇಳಿದ್ದು ಪೂರ್ತಿ ತಪ್ಪಲ್ಲ, ಹೇಳಿದ ಟೈಮ್ ತಪ್ಪು ಅಂತ ಗೊತ್ತಾಯ್ತು.

ಕಾಲು ಉಳುಕಿದಾಗ ಲಿಗಮೆಂಟಿನ ಎಳೆಗಳು ಹರಿದಿರುತ್ತವೆ, ಜೊತೆಗೆ ಸಣ್ಣ ಸಣ್ಣ ರಕ್ತನಾಳಗಳೂ. ಅಲ್ಲಿಂದ ರಕ್ತ, ದ್ರವ ಸೋರಿ ಸುತ್ತಲಿನ ಜಾಗದಲ್ಲಿ ತುಂಬಿಕೊಳ್ಳುತ್ತೆ. ಅದೇ ಊತ. ಶಾಖ ಕೊಟ್ಟರೆ ರಕ್ತನಾಳ ಹಿಗ್ಗುತ್ತೆ, ಹರಿವು ಜಾಸ್ತಿ ಆಗುತ್ತೆ. ಲೀಕ್ ಆಗ್ತಿರೋ ಪೈಪಿಗೆ ಪ್ರೆಶರ್ ಏರಿಸಿದ ಹಾಗೆ. ತಣ್ಣಗೆ ಮಾಡಿದರೆ ನಾಳ ಕುಗ್ಗುತ್ತೆ. ಅದಕ್ಕೇ ಹೊಸ ಪೆಟ್ಟಿಗೆ ಮೊದಲ ಎರಡು ದಿನ ಬಿಸಿ ಬೇಡ ಅನ್ನೋದು.

ಹಾಗಂತ ಐಸ್ ಗಾಯವನ್ನು ಬೇಗ ವಾಸಿ ಮಾಡುತ್ತಾ? ಇಲ್ಲಿ ಕಥೆ ಸ್ವಲ್ಪ ತಿರುಗುತ್ತೆ. ಪೆಟ್ಟು ಬಿದ್ದರೆ ರೆಸ್ಟ್, ಐಸ್, ಕಂಪ್ರೆಷನ್, ಎಲಿವೇಷನ್ ಅನ್ನೋ 'ರೈಸ್' ಸೂತ್ರ ಪಿ.ಟಿ. ಸರ್‌ಗಳಿಗೆಲ್ಲ ಬಾಯಿಪಾಠ. ಈ ಹೆಸರು ಕೊಟ್ಟವರು ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್, 1978ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ. 2014ರ ಹೊತ್ತಿಗೆ ಅವರೇ, ಐಸ್ ಮತ್ತು ಪೂರ್ತಿ ವಿಶ್ರಾಂತಿ ಎರಡೂ ವಾಸಿಯಾಗೋದನ್ನ ತಡ ಮಾಡಬಹುದು ಅಂತ ಬರೆದರು. ಊತ, ಉರಿ ಅಂದರೆ ದೇಹ ರಿಪೇರಿ ಟೀಮನ್ನು ಕಳಿಸ್ತಾ ಇದೆ ಅಂತ ಅರ್ಥ. ಆ ದಾರೀನೇ ಬಂದ್ ಮಾಡಿದ್ರೆ ಹೇಗೆ ಅನ್ನೋದು ಅವರ ವಾದ. ಮೂವತ್ತಾರು ವರ್ಷ ಆದಮೇಲೆ ತನ್ನದೇ ಸೂತ್ರವನ್ನ ತಿದ್ದೋದು ಸಣ್ಣ ಮಾತಲ್ಲ. ನಮ್ಮಲ್ಲಿ ಲ್ಯಾಬ್ ರೆಕಾರ್ಡಿನ ಒಂದು ರೀಡಿಂಗ್ ತಪ್ಪು ಅಂತ ಒಪ್ಪಿಕೊಳ್ಳೋಕೇ ಯಾರೂ ರೆಡಿ ಇರಲ್ಲ.

ಹಾಗಾದ್ರೆ ಐಸ್ ಯಾಕೆ? ನೋವಿಗೆ. ತಣ್ಣಗಾದ ನರದಲ್ಲಿ ಸಿಗ್ನಲ್ ನಿಧಾನವಾಗಿ ಓಡುತ್ತೆ, ಚರ್ಮ ಜೋಮು ಹಿಡಿಯುತ್ತೆ. ನೋವು ಕಮ್ಮಿ ಆದರೆ ನಿದ್ದೆ ಬರುತ್ತೆ, ಮಾರನೇ ದಿನ ಪಾದವನ್ನ ಸ್ವಲ್ಪ ಅಲ್ಲಾಡಿಸೋಕೆ ಧೈರ್ಯ ಬರುತ್ತೆ. ಅಷ್ಟು ಸಾಕಲ್ವಾ? ಜೋಮು ಹಿಡಿಸಿಕೊಂಡು ಮತ್ತೆ ಕೋರ್ಟಿಗೆ ಇಳಿಯೋದು ಮಾತ್ರ ಬೇಡ. ಅಲಾರಂ ಆಫ್ ಮಾಡಿದ ತಕ್ಷಣ ಬೆಂಕಿ ಆರಲ್ಲ.

ಈಗ ನಮ್ಮ ಸಬ್ಜೆಕ್ಟಿಗೆ ಬರೋಣ. ಫ್ರೀಜರ್‌ನಿಂದ ತೆಗೆದ ಜೆಲ್ ಪ್ಯಾಕ್ ಒಳ್ಳೇದಾ, ಕವರಿಗೆ ಐಸ್ ತುಂಬಿ ಸ್ವಲ್ಪ ನೀರು ಹಾಕಿದ ಮೆಸ್ ಐಟಂ ಒಳ್ಳೇದಾ? ನನ್ನ ವೋಟು ಮೆಸ್ ಐಟಮ್ಮಿಗೆ. ಪಿಯುಸಿಯಲ್ಲಿ ಓದಿದ ಲೇಟೆಂಟ್ ಹೀಟ್ ನೆನಪಿಸಿಕೊಳ್ಳಿ. ಒಂದು ಗ್ರಾಂ ಐಸ್ ಕರಗೋಕೆ ಸುಮಾರು 334 ಜೌಲ್ ಬೇಕು. 200 ಗ್ರಾಂ ಐಸ್ ಪೂರ್ತಿ ಕರಗುವಷ್ಟರಲ್ಲಿ ಹತ್ತಿರ ಹತ್ತಿರ 67 ಕಿಲೋಜೌಲ್ ಹೀರಿಕೊಳ್ಳುತ್ತೆ. ಅಷ್ಟೇ ತೂಕದ ಐಸ್‌ನಷ್ಟೇ ತಣ್ಣಗಿನ ನೀರು 20 ಡಿಗ್ರಿಗೆ ಏರುವಾಗ ಹೀರೋದು 17 ಕಿಲೋಜೌಲ್ ಮಾತ್ರ. ಇನ್ನೂ ಮುಖ್ಯವಾದದ್ದು, ಕರಗ್ತಾ ಇರೋ ಐಸ್ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯಲ್ಲ. ಕರೆಂಟಿಲ್ಲದ ಥರ್ಮೋಸ್ಟಾಟ್ ಅದು. ಜೆಲ್ ಪ್ಯಾಕ್ ಫ್ರೀಜರಿಂದ ಬರುವಾಗ ಮೈನಸ್ 18ರ ಆಸುಪಾಸು ಇರುತ್ತೆ. ನೇರವಾಗಿ ಚರ್ಮದ ಮೇಲಿಟ್ಟರೆ ಚರ್ಮವೇ ಹೆಪ್ಪುಗಟ್ಟಿ ಸುಟ್ಟಗಾಯದಂಥ ಗಾಯ ಆಗಬಹುದು. ಯಾವುದೇ ಆದ್ರೂ ನಡುವೆ ಒಂದು ತೆಳು ಒದ್ದೆ ಬಟ್ಟೆ ಇರಲಿ, ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಮಂಡಿಯ ಹೊರಬದಿ ಸ್ವಲ್ಪ ಕೆಳಗೆ ಚರ್ಮದಡಿಯಲ್ಲೇ ಒಂದು ನರ ಹಾದುಹೋಗುತ್ತೆ, ಅಲ್ಲಿ ಇನ್ನೂ ಹುಷಾರು.

ಪೆಟ್ಟಾದ ಕೂಡಲೇ ಆಮೇಲೂ ನಾಲ್ಕು ಹೆಜ್ಜೆ ಊರೋಕೆ ಆಗ್ತಿಲ್ಲ, ಅಥವಾ ಆ್ಯಂಕಲ್‌ನ ಮೂಳೆ ಒತ್ತಿದರೇ ನೋವು ಅಂದ್ರೆ ಐಸು ಬಿಸಿನೀರು ಚರ್ಚೆ ಬಿಟ್ಟು ಎಕ್ಸ್‌ರೇಗೆ ಹೋಗಿ.

ಬಿಸಿಯ ಸರದಿ ಬೇರೆ ಕಡೆ ಬರುತ್ತೆ. ಇಂಟರ್ನಲ್ಸ್ ಹಿಂದಿನ ರಾತ್ರಿ ಮಂಚದ ಮೇಲೆ ಗೂನು ಬೆನ್ನು ಮಾಡ್ಕೊಂಡು ಓದಿ ಹಿಡಿದುಕೊಂಡ ಸೊಂಟ, ಡ್ರಾಯಿಂಗ್ ಶೀಟ್ ಮೇಲೆ ಬಗ್ಗಿ ಬಗ್ಗಿ ಬಿಗಿದ ಕುತ್ತಿಗೆ, ಅಜ್ಜ ಅಜ್ಜಿಯರ ಸವೆದ ಮಂಡಿ. ಇಲ್ಲೆಲ್ಲ ಏನೂ ಹೊಸದಾಗಿ ಹರಿದಿಲ್ಲ, ಬಿಗಿದುಕೊಂಡಿದೆ ಅಷ್ಟೇ. ಶಾಖಕ್ಕೆ ಸ್ನಾಯು ಸಡಿಲ ಆಗುತ್ತೆ, ಕೀಲು ಆಡಿಸೋದು ಸುಲಭ ಆಗುತ್ತೆ. ಪೀರಿಯಡ್ಸ್ ಹೊಟ್ಟೆನೋವಿಗೆ ಬಿಸಿನೀರಿನ ಬ್ಯಾಗ್ ಕೆಲಸ ಮಾಡೋದೂ ಇದಕ್ಕೇ, ಗರ್ಭಕೋಶವೂ ಸ್ನಾಯುವೇ. 2001ರ ಒಂದು ಅಧ್ಯಯನದಲ್ಲಿ ಸುಮಾರು 39 ಡಿಗ್ರಿಯ ಪ್ಯಾಚ್ ಐಬುಪ್ರೊಫೆನ್ ಮಾತ್ರೆಯಷ್ಟೇ ನೋವು ಇಳಿಸಿತ್ತು. ಕೀಲು ಕೆಂಪಾಗಿ ತಾನೇ ಬಿಸಿಯಾಗಿದ್ದರೆ, ಜ್ವರವೂ ಇದ್ದರೆ ಮಾತ್ರ ಶಾಖ ಬೇಡ, ಡಾಕ್ಟರ್ ಬೇಕು.

ಒಂದು ವಿಷಯ ನನಗೆ ಆಶ್ಚರ್ಯ ತಂದಿತು. ಮೇಲಿಟ್ಟ ಬಿಸಿ ಒಳಗೆ ತುಂಬಾ ದೂರ ಹೋಗೋದೇ ಇಲ್ಲ. ಚರ್ಮದಡಿಯ ಕೊಬ್ಬು ಒಳ್ಳೇ ಇನ್ಸುಲೇಟರ್. ಅದನ್ನ ದಾಟಿದ್ದನ್ನೂ ಓಡಾಡ್ತಿರೋ ರಕ್ತ ಕೂಲೆಂಟ್ ಥರ ಹೊತ್ತುಕೊಂಡು ಹೋಗುತ್ತೆ. ಹಾಗಾಗಿ ಸಿಗುವ ಆರಾಮದಲ್ಲಿ ದೊಡ್ಡ ಪಾಲು ಚರ್ಮದ ನರಗಳದ್ದು. ಬೆಚ್ಚಗಿನ ಸಿಗ್ನಲ್ ಬೆನ್ನುಹುರಿಗೆ ಹೋಗಿ ನೋವಿನ ಸಿಗ್ನಲ್‌ಗೆ ಗೇಟು ಹಾಕುತ್ತೆ. ಈ ಗೇಟಿನ ಥಿಯರಿಯನ್ನ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಹೇಳಿದರು. ಪೇನ್ ಬಾಮ್ ಆಟ ಇನ್ನೂ ಮಜಾ. ಅದು ಏನನ್ನೂ ತಣ್ಣಗೆ ಮಾಡಲ್ಲ. ಅದರೊಳಗಿನ ಮೆಂಥಾಲ್, ಚಳಿಯನ್ನ ಗುರುತಿಸೋ ಸೆನ್ಸರನ್ನೇ ಆನ್ ಮಾಡುತ್ತೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹೀಗೇ 43 ಡಿಗ್ರಿ ದಾಟಿದಾಗ ಕೂಗೋ ಬಿಸಿಯ ಸೆನ್ಸರನ್ನ ಒತ್ತುತ್ತೆ. ಈ ಸೆನ್ಸರ್‌ಗಳನ್ನ ಹುಡುಕಿದ್ದಕ್ಕೇ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಪಾಲು ಸಿಕ್ಕಿದ್ದು. ಬಾಮ್ ಹಚ್ಚಿದ ಜಾಗದ ಮೇಲೆ ಬಿಸಿ ಬ್ಯಾಗ್ ಇಡಬೇಡಿ, ಚರ್ಮ ಸುಡುತ್ತೆ.

ಸುಡೋದರ ಬಗ್ಗೆ ಇಷ್ಟು ಹೇಳೋಕೆ ಕಾರಣ ಅದೇ ನಮ್ಮ ಅಜ್ಜಿ. ಅವರಿಗೆ ಬಹಳ ವರ್ಷದಿಂದ ಶುಗರ್. ಒಂದು ಚಳಿಗಾಲದಲ್ಲಿ ಪಾದ ಜುಮ್ಮೆನ್ನುತ್ತೆ ಅಂತ ಹಾಟ್ ವಾಟರ್ ಬ್ಯಾಗ್ ಕಾಲಡಿ ಇಟ್ಕೊಂಡು ಮಲಗಿದರು. ಅವರಿಗೆ ಏನೂ ಅನ್ನಿಸಲಿಲ್ಲ. ಬೆಳಿಗ್ಗೆ ಅಮ್ಮ ನೋಡಿದಾಗ ಹಿಮ್ಮಡಿ ತುಂಬ ಬೊಬ್ಬೆ. ಆರಲು ಎರಡು ತಿಂಗಳು ಹಿಡೀತು, ದಿನಾ ಡ್ರೆಸ್ಸಿಂಗ್, ಬೆರಳು ಉಳಿಯುತ್ತೋ ಇಲ್ವೋ ಅನ್ನೋ ಭಯ ಬೇರೆ. ಆಗ ನಾನು ಹೈಸ್ಕೂಲು, ಅಜ್ಜಿಗೆ ಹೇಗೆ ಗೊತ್ತಾಗ್ಲಿಲ್ಲ ಅಂತಾನೇ ಅರ್ಥ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಪಾದದ ನರಗಳನ್ನ ಮೊದಲು ಹಾಳುಮಾಡುತ್ತೆ. ಸೆನ್ಸರೇ ಕೆಟ್ಟಿದ್ದರೆ "ಸಾಕು, ಸುಡ್ತಿದೆ" ಅಂತ ಹೇಳೋರು ಯಾರು? 60 ಡಿಗ್ರಿಯ ನೀರಿಗೆ ಚರ್ಮ ಸುಡೋಕೆ ಐದಾರು ಸೆಕೆಂಡು ಸಾಕು. ಅಷ್ಟೇನೂ ಬಿಸಿ ಅನ್ನಿಸದ 44 ಡಿಗ್ರಿಯೂ ಆರು ಗಂಟೆ ತಾಗಿಕೊಂಡಿದ್ದರೆ ಸುಡುತ್ತೆ. 1947ರಷ್ಟು ಹಿಂದೆಯೇ ಇದನ್ನ ಅಳೆದಿದ್ದಾರೆ. ರಾತ್ರಿಯಿಡೀ ಕಾಲಡಿ ಇರುವ ಬ್ಯಾಗ್ ಅಂದ್ರೆ ಆ ಆರು ಗಂಟೆಯ ಲೆಕ್ಕ.

ಜಿಮ್ ಗೆಳೆಯರಿಗೆ ಒಂದು ಮಾತು. ರೀಲ್ಸ್ ನೋಡಿ ವರ್ಕೌಟ್ ಆದಮೇಲೆ ದಿನಾ ಐಸ್ ನೀರಲ್ಲಿ ಕೂರೋರು ಇದ್ದೀರಿ. 2015ರಲ್ಲಿ ಪ್ರಕಟವಾದ, 12 ವಾರ ನಡೆದ ಒಂದು ಪ್ರಯೋಗದಲ್ಲಿ ವೇಟ್ಸ್ ಎತ್ತಿದ ಮೇಲೆ ತಣ್ಣೀರಲ್ಲಿ ಕೂತವರ ಸ್ನಾಯು, ಸುಮ್ಮನೆ ಸೈಕಲ್ ತುಳಿದವರಿಗಿಂತ ಕಮ್ಮಿ ಬೆಳೆದಿತ್ತು. ನಿಮ್ಮಿಷ್ಟ.

ನನ್ನ ಕಾಲಿಗೆ ಮೂರನೇ ದಿನದಿಂದ ಊತ ಇಳಿಯೋಕೆ ಶುರುವಾಯ್ತು, ಆಮೇಲೆ ಬೆಚ್ಚಗಿನ ನೀರಲ್ಲಿಟ್ಟು ಪಾದ ತಿರುಗಿಸ್ತಾ ಇದ್ದೆ. ರಜೆಗೆ ಊರಿಗೆ ಹೋದಾಗ ಅಜ್ಜಿ ಮಂಡಿಗೆ ಶಾಖ ಬೇಕು ಅಂದ್ರು. ಬ್ಯಾಗಿಗೆ ಹಳೇ ಕಾಟನ್ ಸೀರೆ ಎರಡು ಸುತ್ತು ಸುತ್ತಿ, ನನ್ನ ಮೊಣಕೈಗೆ ಮುಟ್ಟಿಸಿ ನೋಡಿ, ಮಂಡಿ ಮೇಲಿಟ್ಟು ಮೊಬೈಲಲ್ಲಿ ಹದಿನೈದು ನಿಮಿಷಕ್ಕೆ ಅಲಾರಂ ಇಟ್ಟೆ. "ಪಾದಕ್ಕೂ ಒಂಚೂರು ಇಡೋ" ಅಂದ್ರು. ಪಾದಕ್ಕೆ ಸಾಕ್ಸ್ ಹಾಕಿದೆ.