ಸಿ. ವಿ. ರಾಮನ್ ಅವರ ಆರಂಭಿಕ ಸಂಶೋಧನೆಗಳು

ಚಂದ್ರಶೇಖರ ವೆಂಕಟ ರಾಮನ್ (1888–1970) ಬೆಳಕಿನ ಚದರಿಕೆಯ ಅಧ್ಯಯನಕ್ಕಾಗಿ 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಭಾರತೀಯ ಭೌತವಿಜ್ಞಾನಿ. ಆದರೆ 1907ರಿಂದ 1921ರವರೆಗೆ ಅವರನ್ನು ಹೆಚ್ಚಾಗಿ ಸೆಳೆದ ವಿಷಯ ಬೆಳಕಲ್ಲ, ನಾದ.

ಅವರ ಮೊದಲ ಪ್ರಬಂಧ ಬೆಳಕಿನ ವಿವರ್ತನೆಯನ್ನು ಕುರಿತದ್ದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಬರೆದ ಅದು 1906ರಲ್ಲಿ ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಜೀನ್’ನಲ್ಲಿ ಪ್ರಕಟವಾಯಿತು. ಆಗಿನ ಭಾರತದಲ್ಲಿ ಸಂಶೋಧನೆಯನ್ನೇ ವೃತ್ತಿಯಾಗಿಸಿಕೊಳ್ಳುವ ಅವಕಾಶ ವಿರಳವಾಗಿದ್ದುದರಿಂದ, 1907ರಲ್ಲಿ ರಾಮನ್ ಹಣಕಾಸು ಇಲಾಖೆಯನ್ನು ಸೇರಿ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಸ್ಥೆಯೊಂದು ಅಲ್ಲಿನ ಬೌಬಜಾರ್ ಬೀದಿಯಲ್ಲಿತ್ತು. ಕಚೇರಿಯ ವೇಳೆಗೆ ಮುನ್ನ ಮತ್ತು ಅನಂತರ ರಾಮನ್ ಅದರ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದರು. ಅಶುತೋಷ್ ಡೇ ಅವರ ಸಹಾಯಕರಾಗಿದ್ದರು.

ಅಲ್ಲಿ ದುಬಾರಿ ಉಪಕರಣಗಳನ್ನು ಬೇಡದ ವಿಷಯಗಳನ್ನು ಅವರು ಆರಿಸಿಕೊಂಡರು. ಕಮಾನಿನಿಂದ ನುಡಿಸಿದ ತಂತಿಯ ಚಲನೆಯನ್ನು ಕುರಿತು 1918ರಲ್ಲಿ ದೀರ್ಘ ಪ್ರಬಂಧವೊಂದನ್ನು ಪ್ರಕಟಿಸಿದರು. ಮುಂದೆ ಪಿಟೀಲನ್ನು ಯಂತ್ರದಿಂದ ನುಡಿಸುವ ಉಪಕರಣವನ್ನೂ ರಚಿಸಿದರು. ಅದರಲ್ಲಿ ಚಲಿಸುವುದು ಕಮಾನಲ್ಲ, ಪಿಟೀಲು.

ಮೃದಂಗದ ಅಧ್ಯಯನ ಇವೆಲ್ಲಕ್ಕಿಂತ ಸ್ವಾರಸ್ಯಕರ. ಎಲ್ಲೆಡೆ ಒಂದೇ ದಪ್ಪವಿರುವ ದುಂಡನೆಯ ಚರ್ಮವನ್ನು ಬಡಿದಾಗ ಹೊಮ್ಮುವ ಮೇಲ್ಸ್ವರಗಳು ಮೂಲಸ್ವರದ 1.59, 2.14, 2.30 ಪಟ್ಟು, ಹೀಗೆ ಸಾಗುತ್ತವೆ. ಇವು ಪೂರ್ಣಾಂಕಗಳಲ್ಲದ ಕಾರಣ ಸಾಮಾನ್ಯ ಡೋಲಿನಲ್ಲಿ ನಿರ್ದಿಷ್ಟ ಶ್ರುತಿ ಕೇಳಿಬರುವುದಿಲ್ಲ. ಮೃದಂಗ, ತಬಲಾಗಳಲ್ಲಿ ಚರ್ಮದ ನಡುವೆ ಮೆತ್ತುವ ಕಪ್ಪು ಕರಣೆ ಆ ಭಾಗದ ಭಾರವನ್ನು ಹೆಚ್ಚಿಸಿ, ಮೇಲ್ಸ್ವರಗಳನ್ನು 2, 3, 4 ಪಟ್ಟಿನ ಸಮೀಪಕ್ಕೆ ತರುತ್ತದೆ. ಇದನ್ನು ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ವಾದ್ಯ ತಯಾರಕರು ಕಿವಿಯಿಂದಲೇ ಸಾಧಿಸಿದ್ದುದಕ್ಕೆ ಭೌತವಿಜ್ಞಾನದ ವಿವರಣೆ ಹೀಗೆ ದೊರೆಯಿತು. ವೀಣೆ, ತಂಬೂರಿಗಳ ಕುದುರೆಯ ರಚನೆ ನಾದವನ್ನು ಹೇಗೆ ಸಮೃದ್ಧಗೊಳಿಸುತ್ತದೆಂಬುದನ್ನು ಅವರು ಮರುವರ್ಷ ಚರ್ಚಿಸಿದರು.

ಈ ನಡುವೆ, 1917ರಲ್ಲಿ, ಹೆಚ್ಚಿನ ವೇತನದ ಸರ್ಕಾರಿ ಹುದ್ದೆಯನ್ನು ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕರಾಗಿದ್ದರು. 1921ರ ಯುರೋಪ್ ಪ್ರಯಾಣದಲ್ಲಿ ಕಂಡ ಮೆಡಿಟರೇನಿಯನ್ ಸಮುದ್ರದ ನೀಲಿ ಅವರ ಗಮನವನ್ನು ಬೆಳಕಿನ ಚದರಿಕೆಯತ್ತ ತಿರುಗಿಸಿತು. ಆದರೂ ನಾದವನ್ನು ಅವರು ಪೂರ್ತಿಯಾಗಿ ತೊರೆಯಲಿಲ್ಲ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ, 1934ರಲ್ಲಿ, ಮೃದಂಗದ ಕುರಿತು ಇನ್ನೊಂದು ವಿವರವಾದ ಪ್ರಬಂಧವನ್ನು ಪ್ರಕಟಿಸಿದರು.